ಹಳೇ ಯಮಹಾ 8 ಎಚ್‌ಪಿ ದೋಣಿ ಎಂಜಿನ್: ಪೆಟ್ರೋಲಿನಲ್ಲಿ ಓಡುತ್ತದೆ, ಸೀಮೆಎಣ್ಣೆಗೆ ಹಾಕಿದರೆ ನಿಲ್ಲುತ್ತದೆ

ಗಂಗೊಳ್ಳಿ ಹುಡುಗ:
ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ಯಮಹಾ 8 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ) ಎಂಜಿನ್ ಬಗ್ಗೆ ಸಹಾಯ ಬೇಕಿತ್ತು. ಟೂ ಸ್ಟ್ರೋಕ್, ಎರಡು ಸಿಲಿಂಡರ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ಹಾಕುವ ಮಾದರಿ. ಅಪ್ಪ ಕಡಲಿಗೆ ಹೋಗುವುದು ಬಿಟ್ಟ ಮೇಲೆ ಕೊಟ್ಟಿಗೆಯ ಮೂಲೆಯಲ್ಲಿ, ಹಳೇ ಬಲೆಗಳ ಅಡಿಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು.

ಪಿಸ್ಟನ್ ಜಾಮ್ ಆಗಿತ್ತು. ಸ್ಪಾರ್ಕ್ ಪ್ಲಗ್ ತೂತಿನಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ಹಾಕಿ, ಚೆನ್ನಾಗಿ ನೆನೆಯಲು ಬಿಟ್ಟೆ. ಹಗ್ಗ ಎಳೆಯದೆ ಫ್ಲೈವೀಲನ್ನು ಕೈಯಲ್ಲೇ ಅತ್ತಿತ್ತ ಅಲ್ಲಾಡಿಸಿದೆ, ನಿಧಾನಕ್ಕೆ ಬಿಟ್ಟುಕೊಂಡಿತು. ಕಾರ್ಬೊರೇಟರ್ ಬಿಚ್ಚಿ ಜೆಟ್ ಎಲ್ಲ ತೊಳೆದೆ. ಪೈಪ್ ಮತ್ತು ಪೆಟ್ರೋಲ್ ಪಂಪಿನ ಡಯಾಫ್ರಮ್ ಹೊಸದು.

ಈಗ ಡ್ರಮ್ಮಿನ ನೀರಿನಲ್ಲಿ ಇಟ್ಟರೆ ಸ್ಟಾರ್ಟ್ ಆಗುತ್ತದೆ. ಆದರೆ ತುಂಬಾ ನಡುಗುತ್ತದೆ. ಸೀಮೆಎಣ್ಣೆಗೆ ತಿರುಗಿಸಿದ ಸ್ವಲ್ಪ ಹೊತ್ತಿಗೆ ಬಿಳಿ ಹೊಗೆ ಉಗುಳಿ ನಿಲ್ಲುತ್ತದೆ. ಎಂಜಿನ್ ತಂಪು ಮಾಡಿ ಬರುವ ನೀರು ಹಿಂದಿನ ತೂತಿನಿಂದ ಚಿಮ್ಮುವ ಬದಲು ತೊಟ್ಟಿಕ್ಕುತ್ತದೆ. ಕಾರ್ಬೊರೇಟರನ್ನೇ ಬದಲಾಯಿಸಿ ಎಂದು ಇಲ್ಲಿ ಒಬ್ಬರು ಹೇಳಿದರು. ಜೂನ್ 1ಕ್ಕೆ ದೊಡ್ಡ ಬೋಟುಗಳಿಗೆ ಎರಡು ತಿಂಗಳ ನಿಷೇಧ ಶುರುವಾಗುತ್ತದೆ. 10 ಎಚ್‌ಪಿ ಒಳಗಿನ ನಾಡದೋಣಿಗೆ ಅಡ್ಡಿಯಿಲ್ಲ ಅಲ್ವಾ, ಅಷ್ಟರೊಳಗೆ ಇದನ್ನು ತಯಾರು ಮಾಡಬೇಕು ಅಂತ ಆಸೆ.

ಶರಾವತಿ ದಂಡೆ:
ಫ್ಲೈವೀಲ್ ಕೈಯಲ್ಲಿ ಬಿಡಿಸಿದ್ದು ಬಹಳ ಒಳ್ಳೆಯದಾಯಿತು. ಜಾಮ್ ಆದ ಎಂಜಿನ್ನಿನ ಹಗ್ಗ ಎಳೆದು ರಿಂಗ್ ಮುರಿದುಕೊಂಡವರನ್ನು ತುಂಬಾ ನೋಡಿದ್ದೇನೆ.

ಆದರೆ ಇನ್ನು ಮುಂದೆ ಸ್ಟಾರ್ಟ್ ಮಾಡಬೇಡಿ ಮಾರಾಯ್ರೆ. ನೀರು ತೊಟ್ಟಿಕ್ಕುತ್ತದೆ ಅಂದರೆ ಸಿಲಿಂಡರಿಗೆ ತಂಪು ಸಾಲುತ್ತಿಲ್ಲ. ಇಷ್ಟು ಕಷ್ಟಪಟ್ಟು ಬಿಡಿಸಿದ ಪಿಸ್ಟನ್ ಬಿಸಿಗೆ ಮತ್ತೆ ಹಿಡಿದುಕೊಂಡರೆ ಸಿಲಿಂಡರ್ ಕೊರೆಸಿ ಬೋರ್ ಮಾಡಿಸದೆ ಬೇರೆ ದಾರಿ ಇರುವುದಿಲ್ಲ. ಈಗ ಎರಡೂ ಪ್ಲಗ್ ತೆಗೆದು ನೋಡಿ. ಬಣ್ಣ ಏನಿದೆ, ನಂಬರ್ ಏನಿದೆ ಹೇಳಿ.

ಗಂಗೊಳ್ಳಿ ಹುಡುಗ:
ಎರಡೂ ಎನ್‌ಜಿಕೆ ಬಿ7ಎಚ್‌ಎಸ್. ಮೇಲಿನದು ಒಣಗಿ ಕಂದು ಬಣ್ಣಕ್ಕಿದೆ. ಕೆಳಗಿನದು ಕಪ್ಪಾಗಿ, ಎಣ್ಣೆ ಮೆತ್ತಿ ಒದ್ದೆಯಾಗಿದೆ.

ಶರಾವತಿ ದಂಡೆ:
ಹಾಗಾದರೆ ನಿಮ್ಮ ಎಂಜಿನ್ ಒಂದೇ ಸಿಲಿಂಡರಿನಲ್ಲಿ ಓಡುತ್ತಿದೆ. ನಡುಕಕ್ಕೂ ಅದೇ ಕಾರಣ, ಸೀಮೆಎಣ್ಣೆಯಲ್ಲಿ ನಿಲ್ಲುವುದಕ್ಕೂ ಅದೇ ಕಾರಣ. ಸೀಮೆಎಣ್ಣೆ ಪೆಟ್ರೋಲಿನ ಹಾಗೆ ತಣ್ಣಗಿದ್ದಾಗ ಆವಿಯಾಗುವುದಿಲ್ಲ, ಅದಕ್ಕೆ ಒಳಗೆ ಕಾವು ಬೇಕು. ಡ್ರಮ್ಮಿನಲ್ಲಿ, ಲೋಡ್ ಇಲ್ಲದೆ, ಅರ್ಧ ಎಂಜಿನ್ ಓಡಿದರೆ ಆ ಕಾವು ಎಲ್ಲಿಂದ ಬರಬೇಕು? ಸುಡದ ಸೀಮೆಎಣ್ಣೆಯೇ ಆ ಬಿಳಿ ಹೊಗೆ. ಕಾರ್ಬೊರೇಟರ್ ಮೇಲೆ ದುಡ್ಡು ಹಾಕಬೇಡಿ.

ಮೊದಲು ಕಿಡಿ ನೋಡೋಣ. ಎರಡು ಪ್ಲಗ್ಗನ್ನೂ ಅದಲುಬದಲು ಮಾಡಿ. ಎರಡನ್ನೂ ವೈರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಮೈ ಹೆಡ್ಡಿಗೆ ತಾಗುವಂತೆ ಇಟ್ಟು ಹಗ್ಗ ಎಳೆಯಿರಿ. ಪ್ಲಗ್ ತೂತುಗಳಿಂದ ಪೆಟ್ರೋಲ್ ಆವಿ ಬರುತ್ತದೆ, ಬಟ್ಟೆಯಿಂದ ಮುಚ್ಚಿಕೊಳ್ಳಿ. ಕ್ಯಾಪನ್ನು ಸುಮ್ನೆ ಗಾಳಿಯಲ್ಲಿ ನೇತಾಡಲು ಬಿಟ್ಟು ಎಳೆಯಬೇಡಿ, ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ) ಹೋಗಬಹುದು. ಕೆಳಗಿನದರಲ್ಲಿ ಕಿಡಿ ಬಾರದಿದ್ದರೆ ಕ್ಯಾಪನ್ನು ತಿರುಗಿಸಿ ವೈರಿನಿಂದ ಬಿಚ್ಚಿ ಒಳಗೆ ನೋಡಿ. ಉಪ್ಪು ಗಾಳಿಗೆ ವೈರಿನ ತುದಿ ಹಸಿರು ಕಿಲುಬು ಹಿಡಿದು ಪುಡಿಯಾಗಿರುತ್ತದೆ. ಅರ್ಧ ಇಂಚಿನಷ್ಟು ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಕ್ಯಾಪ್ ಮತ್ತೆ ತಿರುಗಿಸಿ ಹಾಕಿ. ಕಾಯಿಲ್ ಹೋಗಿದೆ ಅಂತ ತೀರ್ಮಾನಿಸುವುದು ಇದೆಲ್ಲ ಆದ ಮೇಲೆ.

ಹೊಸ ಪ್ಲಗ್ ತರುವಾಗ ಅಕ್ಷರ ಸರಿಯಾಗಿ ಓದಿ. ಎಚ್‌ಎಸ್ ಬದಲು ಇಎಸ್ ಕೊಟ್ಟುಬಿಡುತ್ತಾರೆ. ಎಚ್‌ಎಸ್‌ನ ತಿರುಪಿನ ಭಾಗ ಅರ್ಧ ಇಂಚು ಉದ್ದ, ಇಎಸ್‌ನದು 19 ಮಿಲಿಮೀಟರ್. ಇಎಸ್ ಬಿಗಿದರೆ ಹೋಗಿ ಪಿಸ್ಟನ್ ತಲೆಗೆ ಹೊಡೆಯಬಹುದು.

ಇನ್ನು ನೀರು. ನನ್ನ ಲೆಕ್ಕದಲ್ಲಿ ಹಳೇ ಎಂಜಿನ್ನಿನಲ್ಲಿ ಇದೇ ಮುಖ್ಯ ಕೆಲಸ, ಜನ ಇದನ್ನೇ ಕೊನೆಗೆ ಇಟ್ಟುಕೊಳ್ಳುತ್ತಾರೆ. ಕೆಳಗಿನ ಗೇರ್ ಬಾಕ್ಸ್ ಭಾಗ ಇಳಿಸಬೇಕು. ಬೋಲ್ಟುಗಳು ಉಪ್ಪು ಹಿಡಿದು ಅಲ್ಯುಮಿನಿಯಂಗೆ ಕಚ್ಚಿಕೊಂಡಿರುತ್ತವೆ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದರೆ ತಲೆ ತುಂಡಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಮರುದಿನ ಮೊದಲು ಒಂಚೂರು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚಿ. ಬಾರದಿದ್ದರೆ ಎಣ್ಣೆ ಒರೆಸಿ, ಬೋಲ್ಟಿನ ಸುತ್ತಲಿನ ಅಲ್ಯುಮಿನಿಯಂ ಕಾಯಿಸಿ. ಗೇರ್ ರಾಡಿನ ಜೋಡಣೆ ಬಿಚ್ಚದೆ ಕೆಳಗಿನ ಭಾಗ ಎಳೆಯಬೇಡಿ.

ಒಳಗೆ ಶಾಫ್ಟಿನ ಮೇಲೆ ರಬ್ಬರ್ ಇಂಪೆಲ್ಲರ್, ಅಂದರೆ ನೀರನ್ನು ಮೇಲೆ ತಳ್ಳುವ ಪಂಪಿನ ಚಕ್ರ ಕೂತಿರುತ್ತದೆ. ಅದರ ರೆಕ್ಕೆಗಳು ಒಂದೇ ಕಡೆ ಮಡಚಿ ವರ್ಷಗಟ್ಟಲೆ ನಿಂತಿದ್ದರೆ ಹಾಗೇ ಸೆಟೆದುಹೋಗಿರುತ್ತವೆ, ಕೆಲವು ಮುರಿದೂ ಇರುತ್ತವೆ. ಮುರಿದಿದ್ದರೆ ಆ ತುಂಡು ಹುಡುಕಲೇಬೇಕು, ಮೇಲೆ ಹೋಗುವ ನೀರಿನ ಪೈಪಿನಲ್ಲೋ ದಾರಿಯಲ್ಲೋ ಸಿಕ್ಕಿಕೊಂಡಿರುತ್ತದೆ. ಹೊಸ ಇಂಪೆಲ್ಲರಿಗೆ ಗ್ರೀಸ್ ಸವರಿ, ಶಾಫ್ಟನ್ನು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಮುಚ್ಚಳವನ್ನು ಕೆಳಗೆ ಒತ್ತಿ. ರೆಕ್ಕೆಗಳು ಸರಿಯಾದ ಕಡೆಗೆ ಮಡಚಿಕೊಳ್ಳುತ್ತವೆ. ಶಾಫ್ಟಿನ ಚಿಕ್ಕ ಕೀ ಬಿದ್ದು ಹೋಗದಂತೆ ಜೋಪಾನ.

ಕಾವು ನೋಡಿ ನೀರು ಬಿಡುವ ಥರ್ಮೋಸ್ಟಾಟಿನ ಮುಚ್ಚಳವನ್ನೂ ತೆಗೆದು ಉಪ್ಪು ಕೆರೆದು, ಬಿಸಿನೀರು ಬಿಟ್ಟು ತೊಳೆಯಿರಿ. ಗಟ್ಟಿ ಪದರ ಇದ್ದರೆ ವಿನೆಗರ್ ಬೆರೆಸಿದ ನೀರು ಸಾಕು, ಆಮೇಲೆ ಸಿಹಿನೀರು. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಲೇಬೇಡಿ, ಅಲ್ಯುಮಿನಿಯಂ ತಿಂದು ಹಾಕುತ್ತದೆ.

ಮಲ್ಪೆ ಬಂದರು:
ಅಣ್ಣ ಹೇಳಿದ್ದು ಸರಿ. ಕೆಳಭಾಗ ಇಳಿಸುವ ಮೊದಲು ಗೇರ್ ಆಯಿಲ್ ಕೂಡ ತೆಗೆದುಬಿಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿ ನೋಡಿ, ಶಾಫ್ಟಿಗೆ ನೈಲಾನ್ ಬಲೆ ನೂಲು ಸುತ್ತಿಕೊಂಡು ಸೀಲನ್ನು ಕೊಯ್ದಿರುವುದೇ ಜಾಸ್ತಿ. ಹೊಸ ಆಯಿಲನ್ನು ಕೆಳಗಿನ ಸ್ಕ್ರೂ ತೂತಿನಿಂದ ತುಂಬಿಸಿ, ಮೇಲಿನ ತೂತಿನಿಂದ ಗುಳ್ಳೆ ಇಲ್ಲದೆ ಹೊರಬರುವವರೆಗೆ. ಮೇಲಿನ ಸ್ಕ್ರೂ ಮೊದಲು ಹಾಕಿ, ಆಮೇಲೆ ಕೆಳಗಿನದು.

ಗಂಗೊಳ್ಳಿ ಹುಡುಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೆಳಗಿನ ಕ್ಯಾಪಿನೊಳಗೆ ವೈರಿನ ತುದಿ ಪೂರ್ತಿ ಹಸಿರು. ಉಗುರಿನಿಂದ ಮುಟ್ಟಿದರೆ ಪುಡಿ ಉದುರಿತು. ಕತ್ತರಿಸಿ ಹಾಕಿದ ಮೇಲೆ ನೀಲಿ ಕಿಡಿ ಚಟಚಟ ಅಂತ ಬಂತು.

ಇಂಪೆಲ್ಲರಿನ ಎರಡು ರೆಕ್ಕೆ ಇರಲೇ ಇಲ್ಲ. ಒಂದು ತುಂಡು ನೀರಿನ ಪೈಪಿನ ಬಾಯಲ್ಲಿ ಅಡ್ಡ ನಿಂತಿತ್ತು. ಇನ್ನೊಂದು ಥರ್ಮೋಸ್ಟಾಟ್ ಹತ್ತಿರ ಉಪ್ಪಿನ ಜೊತೆ ಗಟ್ಟಿಯಾಗಿ ಕೂತಿತ್ತು, ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿದೆ. ಗೇರ್ ಆಯಿಲ್ ಹಾಲಾಗಿತ್ತು, ನೂಲೂ ಸಿಕ್ಕಿತು. ಸೀಲ್ ಬದಲಾಯಿಸಿದೆ.

ಈಗ ನೀರು ದಾರ ಕಟ್ಟಿದ ಹಾಗೆ ಚಿಮ್ಮುತ್ತದೆ. ನಡುಕ ಹೋಯಿತು. ಹೊಳೆಯಲ್ಲಿ ದೋಣಿಗೆ ಕಟ್ಟಿ, ಪೆಟ್ರೋಲಿನಲ್ಲಿ ಚೆನ್ನಾಗಿ ಬಿಸಿ ಮಾಡಿ ಸೀಮೆಎಣ್ಣೆಗೆ ಹಾಕಿದರೆ ಜೋರಾಗಿ ಓಡುತ್ತದೆ. ಅಪ್ಪ ದಡದಲ್ಲಿ ನಿಂತು ಶಬ್ದ ಕೇಳಿಯೇ "ಎರಡೂ ಹೊಡೀತಾ ಉಂಟು" ಅಂದರು. ಇನ್ನು ಒಂದೇ ವಿಷಯ: ವೇಗ ಇಳಿಸಿ ಸೀಮೆಎಣ್ಣೆಯಲ್ಲೇ ಬಲೆ ಬಿಡುವಾಗ ಆಗಾಗ ನಿಲ್ಲುತ್ತದೆ.

ಶರಾವತಿ ದಂಡೆ:
ಓದಿ ಬಹಳ ಖುಷಿಯಾಯಿತು. ನಿಧಾನಕ್ಕೆ ಓಡಿಸುವಾಗ ಸೀಮೆಎಣ್ಣೆಯಲ್ಲಿ ನಿಲ್ಲುವುದು ದೋಷವಲ್ಲ, ಕಾವು ಇಳಿಯುತ್ತದೆ ಅಷ್ಟೆ. ಬಲೆ ಬಿಡುವಾಗ, ದಡಕ್ಕೆ ಬರುವಾಗ ಪೆಟ್ರೋಲಿಗೆ ತಿರುಗಿಸಿ. ನಿಲ್ಲಿಸುವ ಮುಂಚೆಯಂತೂ ಪೆಟ್ರೋಲಿನಲ್ಲಿ ಸ್ವಲ್ಪ ಹೊತ್ತು ಓಡಿಸಲೇಬೇಕು. ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಬೆಳಿಗ್ಗೆ ಎಷ್ಟು ಹಗ್ಗ ಎಳೆದರೂ ಏಳುವುದಿಲ್ಲ.

ಪಿಸ್ಟನ್ ಒಮ್ಮೆ ಜಾಮ್ ಆಗಿದ್ದ ಎಂಜಿನ್, ಹಾಗಾಗಿ ಮೊದಲ ಕೆಲವು ಟ್ಯಾಂಕಿಗೆ ಲೀಟರಿಗೆ 40 ಮಿಲಿಲೀಟರ್ 2ಟಿ ಆಯಿಲ್ ಹಾಕಿ, ಪೂರ್ತಿ ಥ್ರಾಟಲ್ ಕೊಡಬೇಡಿ. ಸೀಮೆಎಣ್ಣೆಯನ್ನು ಮೊದಲು ಪಾರದರ್ಶಕ ಕ್ಯಾನಿನಲ್ಲಿ ಇಟ್ಟು, ತಳದಲ್ಲಿ ನೀರು ಕಂಡರೆ ಮೇಲಿನದನ್ನಷ್ಟೇ ಸೋಸಿ ತುಂಬಿಸಿ. ಕಡಲಿಂದ ಬಂದ ಪ್ರತಿ ಸಲ ಡ್ರಮ್ಮಿನ ಸಿಹಿನೀರಿನಲ್ಲಿ ಓಡಿಸಿ ತೊಳೆಯಿರಿ. ಜೂನ್‌ಗೆ ಮುಂಚೆ ಒಂದು ಇಂಪೆಲ್ಲರ್, ಎರಡು ಪ್ಲಗ್ ಹೆಚ್ಚಿಗೆ ತಂದು ದೋಣಿಯ ಡಬ್ಬಿಯಲ್ಲಿ ಇಟ್ಟುಕೊಳ್ಳಿ.