ಹೊಲ, ಮನೆ ಬಿಟ್ಟು ಗಾಡಿಯಲ್ಲೇ ಇರಬೇಕು ಅಂತಿದ್ದೇವೆ, ಅನುಭವ ಇದ್ದವರು ಹೇಳಿ

ಬೀಳಗಿ ತಾಲ್ಲೂಕಿನಿಂದ:
ಆಲಮಟ್ಟಿ ಡ್ಯಾಮಿನ ಮಟ್ಟ 519.60ರಿಂದ 524.256 ಮೀಟರ್‌ಗೆ ಏರಿದರೆ ನಮ್ಮ ಕಬ್ಬಿನ ಹೊಲ, ಮನೆ ಎರಡೂ ಹಿನ್ನೀರಿಗೆ ಹೋಗುತ್ತವೆ. ಮಕ್ಕಳು ಪುಣೆಯಲ್ಲಿದ್ದಾರೆ, ಅವರಿಗೆ ಒಕ್ಕಲುತನ ಬೇಡ. ಪರಿಹಾರ ಬಂದ ಮೇಲೆ ಕ್ಯಾರವಾನ್ (ಒಳಗೇ ಮನೆ ಥರ ಇರುವ ಗಾಡಿ) ಮಾಡಿಸಿ ಗಂಡ ಹೆಂಡತಿ ನಾವಿಬ್ಬರೇ ಅದರಲ್ಲಿ ಇರೋಣ ಅಂತ ವಿಚಾರ. ವಯಸ್ಸು ಐವತ್ತು ದಾಟಿದೆ. ಹೀಗೆ ಇರುವವರು ಯಾರಾದರೂ ಇದ್ದೀರಾ?

ಬಾಗಲಕೋಟೆಯಿಂದ:
ಅಣ್ಣಾವರೇ, ನಾವು ಹಾಗೇ ಇದ್ದೇವೆ. ನಮ್ಮ ಹೊಲ ಹಿಂದಿನ ಮುಳುಗಡೆಯಲ್ಲೇ ಹೋಯ್ತು. ಎಲ್ಲಕ್ಕಿಂತ ಮೊದಲು ಒಂದು ಮಾತು. ಪುನರ್ವಸತಿ ಕೇಂದ್ರದಲ್ಲಿ ಕೊಡುವ ಪ್ಲಾಟ್ ಮಾತ್ರ ಮಾರಬೇಡಿ, ಯಾರು ಎಷ್ಟೇ ಕೊಡ್ತೀನಿ ಅಂದರೂ. ಅದರಲ್ಲಿ ಒಂದು ಖೋಲಿ, ಒಂದು ಪಾಯಖಾನೆ ಕಟ್ಟಿಸಿ ಕೀಲಿ ಹಾಕಿ ಹೊರಡಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್, ಗಾಡಿಯ ಆರ್‌ಸಿ, ಎಲ್ಲದಕ್ಕೂ ವಿಳಾಸ ಬೇಕು. ಕಾಲು ಮುರಿದುಕೊಂಡರೆ ಆರು ವಾರ ಗಾಡಿಯಲ್ಲಿ ಮಲಗೋಕೆ ಆಗಲ್ಲ.

ನಮ್ಮದು ಟ್ರಾವೆಲರ್ ಗಾಡಿ, ಒಳಗೆ ಎಲ್ಲ ಹೊಸದಾಗಿ ಮಾಡಿಸಿದ್ದು. ಸೀಟು ಕಿತ್ತು ಹಾಸಿಗೆ ಹಾಕೋ ಮೊದಲೇ ಆರ್‌ಟಿಒ ಒಪ್ಪಿಗೆ ತಗೊಳ್ಳಿ, ಆರ್‌ಸಿಯಲ್ಲಿ ಮೋಟಾರ್ ಕ್ಯಾರವಾನ್ ಅಂತ ಬರಲಿ, ಇಲ್ಲಾಂದ್ರೆ ನಾಳೆ ಅಪಘಾತ ಆದಾಗ ವಿಮೆಯವರು ತಕರಾರು ತೆಗೀತಾರೆ. ಏಸಿ ನಂಬಿ ಕೂರಬೇಡಿ. 12 ವೋಲ್ಟಿನ 200 ಎಎಚ್ ಬ್ಯಾಟರಿಯಲ್ಲಿ ಇರೋದು 2.4 ಯೂನಿಟ್ ಕರೆಂಟ್, ಅದರಲ್ಲಿ ಒಂದೂವರೆ ಟನ್ ಏಸಿ ಎರಡು ತಾಸೂ ನಡೆಯಲ್ಲ. ನಾವು ಏಪ್ರಿಲ್ ಬಂತು ಅಂದರೆ ತಂಪಿಗೆ ಖಾನಾಪುರ, ಲೋಂಡಾದ ಕಾಡಿನ ಕಡೆ ಏರ್ತೇವೆ. ಮಳೆ ಹಿಡಿಯೋ ಮೊದಲು ವಾಪಸ್, ಅಲ್ಲಿ ಮಳೆಗಾಲದಲ್ಲಿ ಹಾಸಿಗೆಗೂ ಬೂಸಲು ಬರುತ್ತೆ.

ಆದರೆ ನಿಜವಾದ ಕಷ್ಟ ಬೇರೆ ಇದೆ. ಮಿರಗದ ಮಳೆ ಶುರುವಾದಾಗ ಎಲ್ಲರೂ ಬಿತ್ತೋಕೆ ಕೂರಿಗೆ ಹೊರಗೆ ತೆಗೀತಾರೆ, ನಮಗೆ ಕೈಯಲ್ಲಿ ಕೆಲಸ ಇರಲ್ಲ. ಎಳ್ಳಮಾವಾಸ್ಯೆಗೆ ಭೂತಾಯಿಗೆ ಚರಗ (ಅಡುಗೆಯ ನೈವೇದ್ಯ) ಚೆಲ್ಲಲು ಹೊಲ ಇಲ್ಲ. ಒಂದು ವರ್ಷ ಬಸವನ ಬಾಗೇವಾಡಿ ದಾಟಿ ರಸ್ತೆ ಬದಿ ನಿಲ್ಲಿಸಿದ್ದೆವು. ಇವಳು ಬೆಳಗ್ಗೆಯೇ ಸಜ್ಜಿ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಬುಟ್ಟಿ ತೊಡೆ ಮೇಲೆ ಇಟ್ಟುಕೊಂಡು ಸುಮ್ನೆ ಕೂತಿದ್ದಳು. ಪಕ್ಕದ ಬಿಳಿಜೋಳದ ಹೊಲದವರು ಕಂಡು ಕರೆದರು. ಅವರ ಹೊಲದಲ್ಲೇ ಚರಗ ಚೆಲ್ಲಿ ಉಂಡು ಬಂದೆವು. ಆಮೇಲೆ ಪ್ರತಿ ವರ್ಷ ಆ ದಿನ ಅಲ್ಲಿಗೇ ಹೋಗ್ತೇವೆ. ನಿಮಗೂ ಅಂಥ ಒಂದೆರಡು ಹೊಲ ಗೊತ್ತಿರಲಿ.

ವಿಜಯಪುರದಿಂದ:
ನೀರಿನ ಮಾತು ನಾನು ಹೇಳ್ತೀನಿ, ಯಾಕಂದ್ರೆ ಗಂಡಸರು ಹೇಳೋದಿಲ್ಲ. ನೂರು ಲೀಟರ್ ಟ್ಯಾಂಕ್ ಇಬ್ಬರಿಗೆ ಎರಡೇ ದಿನ, ಅದೂ ಬಟ್ಟೆ ಒಗೆಯದೆ. ಒಳಗೆ ಪಾಯಖಾನೆ ಇರಲೇಬೇಕು, ರಾತ್ರಿ ಪೆಟ್ರೋಲ್ ಪಂಪಿನ ಪಾಯಖಾನೆಗೆ ಹೆಣ್ಣುಮಕ್ಕಳು ಒಬ್ಬರೇ ಹೋಗೋದು ಆಗದ ಮಾತು. ಅದರ ಡಬ್ಬಿ ಎಲ್ಲಿ ಖಾಲಿ ಮಾಡೋದು ಅನ್ನೋದನ್ನ ಹೊರಡೋ ಮೊದಲೇ ನೋಡಿಕೊಳ್ಳಿ, ಹಳ್ಳಕ್ಕೆ ಮಾತ್ರ ಸುರಿಯಬೇಡಿ. ಅಡುಗೆಗೆ ಚಿಂತೆ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ ಇದ್ದರೆ ಐದು ಕೆಜಿ ಸಿಲಿಂಡರ್ ಬಹಳ ದಿನ ಬರುತ್ತೆ. ವೈನಿಯವರಿಗೆ, ಅಂದ್ರೆ ನಿಮ್ಮ ಮನೆಯವರಿಗೆ, ನಿಜವಾಗಿ ಮನಸ್ಸಿದೆಯಾ, ಅವರನ್ನೇ ಕೂರಿಸಿ ಕೇಳಿ.

ಬೆಳಗಾವಿಯಿಂದ:
ಕಾಗದದ ವಿಷಯ. 2013ರ ಭೂಸ್ವಾಧೀನ ಕಾಯ್ದೆಯಡಿ ಬರುವ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ, ಕಲಂ 96. ಆದರೆ ಆ ದುಡ್ಡು ಠೇವಣಿ ಇಟ್ಟರೆ ಬಡ್ಡಿಗೆ ಇದೆ. ಮುಂದೆ ಮನಸ್ಸು ಬದಲಾಗಿ ಹೊಲ ಬೇಕು ಅನಿಸಿದರೆ ತಗೊಳ್ಳಬಹುದು, ಕರ್ನಾಟಕ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನ 2020ರ ತಿದ್ದುಪಡಿಯಲ್ಲಿ ತೆಗೆದಿದ್ದಾರೆ, ರೈತರೇ ಆಗಿರಬೇಕು ಅಂತಿಲ್ಲ. ದರ ಮಾತ್ರ ನಿಮಗಾಗಿ ಕಾಯಲ್ಲ, ಹಾಗಾಗಿ ಎಲ್ಲ ದುಡ್ಡನ್ನೂ ಗಾಡಿಗೆ ಸುರಿಯಬೇಡಿ. ಗಾಡಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಬೇರೆ ರಾಜ್ಯದಲ್ಲೇ ಇಟ್ಟರೆ ಅಲ್ಲಿ ಮತ್ತೆ ನೋಂದಣಿ ಮಾಡಿಸಬೇಕು. ಲೈಸೆನ್ಸ್ ಎಲ್‌ಎಂವಿ (ಲಘು ವಾಹನದ್ದು) ಸಾಕು, 7,500 ಕೆಜಿ ಒಳಗಿನ ಗಾಡಿಗೆ ನಡೆಯುತ್ತೆ. ವೈನಿಯವರೂ ಈಗಲೇ ಓಡಿಸೋದು ಕಲಿಯಲಿ. ಊರು ಬಿಟ್ಟು ದೂರ ಇರುವಾಗ ನಿಮಗೆ ಎದೆ ನೋವು ಬಂದರೆ ಆಸ್ಪತ್ರೆಗೆ ಗಾಡಿ ಓಡಿಸೋರು ಅವರೇ ಅಲ್ವಾ.