ಹುಬ್ಬುಗಳ ನಡುವಿನ ಗೆರೆಗೆ ಬೊಟಾಕ್ಸ್: ಎಷ್ಟು ಯೂನಿಟ್, ಯಾರ ಕೈಯಲ್ಲಿ?

ಪ್ರಶ್ನೆ – ಶಿಕ್ಷಕಿ, ತುಮಕೂರು

ನನಗೆ 46 ವರ್ಷ. ಹುಬ್ಬುಗಳ ನಡುವೆ ಎರಡು ಗೆರೆಗಳು ಆಳವಾಗಿ ಬಿದ್ದಿದ್ದು, ಸುಮ್ಮನೆ ಕುಳಿತಿದ್ದರೂ ‘ಮೇಡಂ, ಕೋಪವೇ?’ ಎಂದು ತರಗತಿಯ ಮಕ್ಕಳು ಕೇಳುತ್ತಾರೆ. ಸ್ನಾಯುವನ್ನು ಸಡಿಲಿಸಿ ಗೆರೆ ತಗ್ಗಿಸುವ ಚುಚ್ಚುಮದ್ದಾದ ಬೊಟಾಕ್ಸ್ ಬಗ್ಗೆ ವಿಚಾರಿಸಿದಾಗ ಇಲ್ಲಿಯ ಸೌಂದರ್ಯ ಕೇಂದ್ರವೊಂದರವರು ‘ಒಂದು ಜಾಗಕ್ಕೆ ಇಷ್ಟು’ ಎಂದು ಒಟ್ಟು ದರ ಹೇಳಿದರು; ಬೆಂಗಳೂರಿನ ಚರ್ಮರೋಗ ತಜ್ಞೆಯೊಬ್ಬರು ಯೂನಿಟ್ ಲೆಕ್ಕದಲ್ಲಿ ಹೇಳಿದರು. ಇವೆರಡನ್ನು ಹೋಲಿಸುವುದು ಹೇಗೆ? ಇದಕ್ಕಾಗಿ 70 ಕಿಲೋಮೀಟರ್ ಹೋಗಲೇಬೇಕೇ?

ಉತ್ತರ 1 – ಔಷಧ ಅಂಗಡಿಯವರು, ತಿಪಟೂರು

ಯೂನಿಟ್ ಎಂಬುದು ಔಷಧದ ಶಕ್ತಿಯ ಅಳತೆಯೇ ಹೊರತು ದ್ರವದ ಅಳತೆಯಲ್ಲ. ಬೊಟಾಕ್ಸ್ ಸೀಸೆಯಲ್ಲಿ ಪುಡಿಯಾಗಿ ಬರುತ್ತದೆ. 100 ಯೂನಿಟ್‌ನ ಸೀಸೆಗೆ 2.5 ಮಿಲಿ ಸಲೈನ್ ಬೆರೆಸಿದರೆ ಪ್ರತಿ 0.1 ಮಿಲಿಯಲ್ಲಿ 4 ಯೂನಿಟ್ ಇರುತ್ತದೆ. 5 ಮಿಲಿ ಬೆರೆಸಿದರೆ ಅಷ್ಟೇ ದ್ರವದಲ್ಲಿ 2 ಯೂನಿಟ್ ಮಾತ್ರ. ಆದ್ದರಿಂದ ಸಿರಿಂಜ್ ಎಷ್ಟು ತುಂಬಿದೆ ಎಂದು ನೋಡಿ ಏನನ್ನೂ ತಿಳಿಯಲಾಗದು. ಹುಬ್ಬುಗಳ ನಡುವಿನ ಗೆರೆಗೆ 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಪ್ರಮಾಣ 20 ಯೂನಿಟ್: ಐದು ಕಡೆ, ತಲಾ 4. ಸ್ನಾಯುವಿನ ಬಲ ನೋಡಿ ವೈದ್ಯರು ಇದನ್ನು ಹೆಚ್ಚು ಕಡಿಮೆ ಮಾಡುವುದುಂಟು. ಇದೇ ಜಾಗಕ್ಕೆ ಇದೇ ಬಗೆಯ ಇನ್ನೊಂದು ಬ್ರಾಂಡ್ ಡಿಸ್ಪೋರ್ಟ್ ಆದರೆ 50 ಯೂನಿಟ್. ಒಂದು ಬ್ರಾಂಡ್‌ನ ಯೂನಿಟ್ ಇನ್ನೊಂದಕ್ಕೆ ಸಮವಲ್ಲವಾದ್ದರಿಂದ, ದರ ಕೇಳುವ ಮೊದಲು ಬ್ರಾಂಡ್ ಕೇಳಿ.

ಔಷಧದ ಪ್ರಭಾವ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಇರುತ್ತದೆ. ಖರ್ಚಿನ ಲೆಕ್ಕವನ್ನು ವರ್ಷಕ್ಕೆ ಹಾಕಿಕೊಳ್ಳಿ. ಸುಮ್ಮನಿದ್ದಾಗಲೂ ಕಾಣುವ ಗೆರೆ ತಿಳಿಯಾದೀತು, ಪೂರ್ತಿ ಅಳಿಸಿಹೋಗದಿರಬಹುದು. ಇದನ್ನು ಮೊದಲೇ ಹೇಳುವ ವೈದ್ಯರನ್ನು ನಾನು ಹೆಚ್ಚು ನಂಬುತ್ತೇನೆ.

ಉತ್ತರ 2 – ಗೃಹಿಣಿ, ಗುಬ್ಬಿ

ಅಗ್ಗವೆಂದು ಒಂದು ಕಡೆ ಹಾಕಿಸಿಕೊಂಡೆ. ಚುಚ್ಚಿದವರು ವೈದ್ಯರೇ ಎಂದು ಕೇಳಲೇ ಇಲ್ಲ. ವಾರದೊಳಗೆ ಎಡಗಣ್ಣಿನ ರೆಪ್ಪೆ ಜೋತುಬಿದ್ದು, ಸರಿಹೋಗಲು ಒಂದೂವರೆ ತಿಂಗಳು ಹಿಡಿಯಿತು. ಔಷಧ ಪಕ್ಕದ ಸ್ನಾಯುವಿಗೆ ಹರಡಿದರೆ ಹೀಗಾಗುತ್ತದೆಂದು ಆಮೇಲೆ ಚರ್ಮರೋಗ ತಜ್ಞರು ವಿವರಿಸಿದರು. ಪರಿಣತರ ಕೈಯಲ್ಲೂ ಅಪರೂಪಕ್ಕೆ ಹೀಗಾಗಬಹುದಂತೆ, ಆದರೆ ಅಂಥವರು ಮತ್ತೆ ಕರೆದು ನೋಡುತ್ತಾರೆ; ನನ್ನ ಫೋನನ್ನು ಆ ಜಾಗದವರು ಎತ್ತಲೇ ಇಲ್ಲ.

ಊರು ಯಾವುದಾದರೂ ಇರಲಿ, ಚರ್ಮರೋಗದಲ್ಲಿ ಎಂ.ಡಿ. ಮಾಡಿದವರೋ ಪ್ಲಾಸ್ಟಿಕ್ ಸರ್ಜನ್ನರೋ ಆಗಿರಬೇಕು. ಅವರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಿ. ಗೋಡೆಯ ಮೇಲಿನ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಪ್ರಮಾಣಪತ್ರ ಸಂಸ್ಥೆಯ ನೋಂದಣಿಯನ್ನು ಹೇಳುತ್ತದೆ, ಸೂಜಿ ಹಿಡಿದವರ ತರಬೇತಿಯನ್ನಲ್ಲ. ಎರಡು ವಾರದ ನಂತರ ಮರುಪರೀಕ್ಷೆ ಉಂಟೇ ಎಂದು ಕೇಳಿ. ಮಯಸ್ತೇನಿಯಾದಂಥ ನರಸ್ನಾಯು ಕಾಯಿಲೆ ಇದ್ದರೆ ಮೊದಲೇ ತಿಳಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸೌಂದರ್ಯ ಕೇಂದ್ರಕ್ಕೆ ಫೋನ್ ಮಾಡಿ ಬ್ರಾಂಡ್, ಯೂನಿಟ್ ಎರಡನ್ನೂ ಕೇಳಿದೆ. ‘ಬಂದರೆ ಹೇಳುತ್ತೇವೆ’ ಎಂದರು. ನಮ್ಮೂರಿನಲ್ಲೇ ಇರುವ ಚರ್ಮರೋಗ ತಜ್ಞರೊಬ್ಬರು ಫೋನಿನಲ್ಲೇ ಎರಡನ್ನೂ ತಿಳಿಸಿ, ಮೊದಲ ದಿನ ಬರೀ ಪರೀಕ್ಷೆ, ಚುಚ್ಚುವುದಿಲ್ಲ ಎಂದರು. ಶನಿವಾರ ಅವರಲ್ಲಿಗೆ ಹೋಗುತ್ತಿದ್ದೇನೆ.