ಗಬ್ಬವಾಗಿರಬಹುದಾದ ಹೆಣ್ಣು ಹಂದಿ ಮೇವು ಬಿಟ್ಟಿದೆ: ಏನು ಮಾಡಬೇಕು?

ಹೊಸ ಸಾಕಣೆಗಾರ, ಮದ್ದೂರು ತಾಲ್ಲೂಕು

ಮಾನ್ಯರೇ, ಬೇರೆ ತಾಲ್ಲೂಕಿನ ಸಾಕಣೆದಾರರೊಬ್ಬರಿಂದ ಯಾರ್ಕ್‌ಷೈರ್ ಮಿಶ್ರತಳಿಯ ಒಂದು ಹೆಣ್ಣು ಹಂದಿಯನ್ನು ಸುಮಾರು ಒಂದೂವರೆ ತಿಂಗಳ ಹಿಂದೆ ಕೊಂಡು ತಂದಿದ್ದೇನೆ. ಅದಕ್ಕೆ ಎಂಟೊಂಬತ್ತು ತಿಂಗಳ ವಯಸ್ಸು, ಇನ್ನೂ ಒಮ್ಮೆಯೂ ಮರಿ ಹಾಕಿಲ್ಲ. ಅಲ್ಲಿ ಗಂಡು ಹಂದಿಯೊಂದಿಗೆ ಒಂದೇ ದೊಡ್ಡಿಯಲ್ಲಿ ಇದ್ದುದರಿಂದ ಯಾವಾಗ ಕೂಡಿತೆಂದು ಮಾರಿದವರಿಗೂ ಗೊತ್ತಿಲ್ಲ. ನಮ್ಮಲ್ಲಿಗೆ ಬಂದ ಮೇಲೆ ಬೆದೆಗೆ ಬಂದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಗಬ್ಬವಿರಬಹುದೆಂದು ಭಾವಿಸಿದ್ದೇನೆ.

ನಿನ್ನೆಯಿಂದ ಅದು ಮೇವಿನ ಬಳಿಗೆ ಬಂದು ಮೂಸಿ ಹಿಂದಿರುಗುತ್ತಿದೆ, ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ, ಉಸಿರಾಟವೂ ವೇಗವಾಗಿದೆ. ಸಗಣಿ ಗಟ್ಟಿಯಾಗಿ ಉಂಡೆಯಂತೆ ಬೀಳುತ್ತಿದೆ. ಮೇವಾಗಿ ಪಟ್ಟಣದ ಹೋಟೆಲಿನ ಉಳಿಕೆಗೆ ಬೂಸಾ ಮತ್ತು ಮುಸುಕಿನ ಜೋಳದ ನುಚ್ಚು ಬೆರೆಸಿ ಕೊಡುತ್ತೇನೆ. ದೊಡ್ಡಿಗೆ ತಗಡಿನ ಚಾವಣಿಯಿದೆ. ಅದೇ ದೊಡ್ಡಿಯಲ್ಲಿ ಇನ್ನೂ ನಾಲ್ಕು ಎಳೆಯ ಹಂದಿಗಳಿದ್ದು, ಅವು ಸದ್ಯಕ್ಕೆ ಚೆನ್ನಾಗಿವೆ. ಗಬ್ಬದ ಹಂದಿಗೆ ಈ ಬಗೆಯ ಆಯಾಸ ಸಹಜವೇ? ಪರಿಚಿತರೊಬ್ಬರು ಔಷಧ ಅಂಗಡಿಯಿಂದ ಪೆನ್ಸಿಲಿನ್ ಮತ್ತು ಜ್ವರದ ಚುಚ್ಚುಮದ್ದು ತಂದು ತಾವೇ ಹಾಕುವುದಾಗಿ ಹೇಳುತ್ತಿದ್ದಾರೆ. ಹಾಕಿಸಬಹುದೇ?

ಹುಣಸೂರು ಕಡೆಯವನು

ಗಬ್ಬದ ಹಂದಿ ಮೊದಮೊದಲು ಸ್ವಲ್ಪ ಮಂಕಾಗಿರುವುದನ್ನು ನಾವು ಕಂಡಿದ್ದೇವೆ, ಅದರಿಂದ ಗಾಬರಿ ಬೇಡ. ತಗಡಿನ ಚಾವಣಿಯ ಕೆಳಗೆ ಮಧ್ಯಾಹ್ನದ ಕಾವಿಗೆ ಯಾವ ಹಂದಿಯಾದರೂ ಮೇವು ಬಿಡುತ್ತದೆ. ಚಾವಣಿಯ ಮೇಲೆ ತೆಂಗಿನ ಗರಿ ಅಥವಾ ಕಬ್ಬಿನ ಸೋಗೆ ಹೊದಿಸಿ, ಮೈಗೆ ನೀರು ಚಿಮುಕಿಸಿ ಒಂದೆರಡು ದಿನ ನೋಡಿ.

ನಿವೃತ್ತ ಪಶುವೈದ್ಯಕೀಯ ಪರೀಕ್ಷಕ, ಮಂಡ್ಯ

ಮೇಲಿನವರು ನೆರಳಿನ ಬಗ್ಗೆ ಹೇಳಿದ್ದು ಸರಿ. ಹಂದಿ ಬೆವರಿ ಮೈ ತಣಿಸಿಕೊಳ್ಳಲಾರದು. ಗಬ್ಬದ ಮೊದಲ ತಿಂಗಳಲ್ಲಿ ಕಾವು ಹೆಚ್ಚಾದರೆ ಭ್ರೂಣಗಳೇ ಸಾಯಬಹುದು. ಆದರೆ ಒಂದೆರಡು ದಿನ ನೋಡಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಬ್ಬ ನಿಂತ ಹಂದಿ ಸಾಮಾನ್ಯವಾಗಿ ಶಾಂತವಾಗುತ್ತದೆ, ಚೆನ್ನಾಗಿ ತಿನ್ನುತ್ತದೆ, ಹೆಚ್ಚು ನಿದ್ರಿಸುತ್ತದೆ. ಮೇವು ಮಾತ್ರ ಬಿಡುವುದಿಲ್ಲ. ಈಯುವ ಹಿಂದುಮುಂದಿನ ಗಳಿಗೆಯನ್ನು ಬಿಟ್ಟರೆ, ಮೇವು ಬಿಟ್ಟ ಹಂದಿಯನ್ನು ಕಾಯಿಲೆಯ ಹಂದಿಯೆಂದೇ ಎಣಿಸಬೇಕು.

ಆದ್ದರಿಂದ ಗಬ್ಬವೋ ಅಲ್ಲವೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಮೊದಲು ಮೈಕಾವನ್ನು ಅಳೆಯಿರಿ. ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ಎಣ್ಣೆ ಸವರಿ, ಹಂದಿ ಮಲಗಿರುವಾಗ ಗುದದ್ವಾರದಲ್ಲಿಟ್ಟು ನೋಡಬಹುದು. ಆಮೇಲೆ ಆ ಥರ್ಮಾಮೀಟರನ್ನು ದೊಡ್ಡಿಗೇ ಮೀಸಲಿಡಿ. ಹಂದಿಯ ಸಹಜ ಕಾವು 101.5ರಿಂದ 103 ಡಿಗ್ರಿ ಫ್ಯಾರನ್‌ಹೀಟ್. ಮಧ್ಯಾಹ್ನದ ಬಿಸಿಲಿಗೆ ಕಾವು ತಾನಾಗಿಯೇ ಏರುವುದರಿಂದ ಬೆಳಗಿನ ತಂಪಿನಲ್ಲಿ ಅಳೆದ ಅಂಕಿಯನ್ನು ನಂಬಿ. ಆ ಹೊತ್ತಿನಲ್ಲೂ 104 ದಾಟಿದ್ದರೆ ಅದು ಬಿಸಿಲಿನ ಕಾವಲ್ಲ, ಜ್ವರ. ಹಾಗೆಯೇ ಕಿವಿಯ ತುದಿ, ಹೊಟ್ಟೆಯ ಅಡಿಭಾಗ ಮತ್ತು ತೊಡೆಯ ಒಳಭಾಗದ ಚರ್ಮ ಕೆಂಪಗೋ ನೇರಳೆಯಾಗಿಯೋ ತಿರುಗಿದೆಯೇ, ನಡೆಯುವಾಗ ಹಿಂಗಾಲು ತೂರಾಡುತ್ತವೆಯೇ, ಯೋನಿಯಿಂದ ಏನಾದರೂ ಸೋರುತ್ತಿದೆಯೇ ಎಂಬುದನ್ನು ಹಗಲ ಬೆಳಕಿನಲ್ಲಿ ನೋಡಿ. ಹಳದಿಯಾದ, ವಾಸನೆಯುಳ್ಳ ಸ್ರಾವ ಗರ್ಭಕೋಶದ ಸೋಂಕನ್ನು ಸೂಚಿಸುತ್ತದೆ. ರಕ್ತ ಕಂಡರೆ ಕಂದು ಹಾಕುವ ಅಪಾಯವಿದೆಯೆಂದು ತಿಳಿಯಬೇಕು.

ಚುಚ್ಚುಮದ್ದಿನ ವಿಷಯ. ಪೆನ್ಸಿಲಿನ್‌ಗಿಂತ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅದರ ಜೊತೆಗೆ ಬರುವ ಆ ‘ಜ್ವರದ ಚುಚ್ಚುಮದ್ದು’. ಹಳ್ಳಿಗಳಲ್ಲಿ ಆ ಹೆಸರಿನಲ್ಲಿ ಅನೇಕ ಸಲ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹಾಕಿಬಿಡುತ್ತಾರೆ. ಅದು ಹಂದಿಯನ್ನು ಒಂದು ದಿನ ಚುರುಕಾಗಿಸಿ, ಒಳಗಿನ ರೋಗವನ್ನು ಮುಚ್ಚಿ, ಗಬ್ಬವಿದ್ದರೆ ಅದಕ್ಕೂ ಅಪಾಯ ತರಬಹುದು. ಪ್ರೊಸ್ಟಾಗ್ಲಾಂಡಿನ್ ಗುಂಪಿನ ಔಷಧಗಳಂತೂ ಗಬ್ಬವನ್ನು ನೇರವಾಗಿ ಬೀಳಿಸುತ್ತವೆ. ವೈದ್ಯರು ನೋಡದೆ ಏನನ್ನೂ ಹಾಕಿಸಬೇಡಿ, ಮತ್ತು ‘ಗಬ್ಬವಿರಬಹುದು’ ಎಂಬ ಮಾತನ್ನು ಅವರಿಗೆ ಮೊದಲೇ ಹೇಳಿ. ತಾಲ್ಲೂಕು ಪಶು ಆಸ್ಪತ್ರೆಗೆ ಹಂದಿಯನ್ನು ಸಾಗಿಸುವ ಗೋಜು ಬೇಡ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಬಹುದು.

ಹಂದಿ ಸಾಕಣೆದಾರೆ, ತಿ. ನರಸೀಪುರ

ನನ್ನ ಗಮನ ಹೋದದ್ದು ಹೋಟೆಲ್ ಉಳಿಕೆಯ ಕಡೆಗೆ. ನಾವೂ ಅದನ್ನೇ ನಂಬಿ ಸಾಕುವವರು, ಆದ್ದರಿಂದ ಅದನ್ನು ಬಿಟ್ಟುಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಮೇವಿನ ಬೆಲೆ ಎಲ್ಲರಿಗೂ ಗೊತ್ತು. ಆದರೆ ಉಪ್ಪಿನಕಾಯಿ, ಸಾಂಬಾರು, ಹಪ್ಪಳ ಸೇರಿದ ಆ ಉಳಿಕೆಯಲ್ಲಿ ಉಪ್ಪು ವಿಪರೀತ. ಅದರೊಂದಿಗೆ ಕುಡಿಯುವ ನೀರು ಕಡಿಮೆಯಾದರೆ ಹಂದಿಗೆ ಉಪ್ಪಿನ ನಂಜು ತಗಲುತ್ತದೆ. ಮೊದಲು ಮೇವು ಬಿಡುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಆಮೇಲೆ ಗೊತ್ತುಗುರಿಯಿಲ್ಲದೆ ಸುತ್ತುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಕೊನೆಗೆ ಸೆಳವು ಬರುತ್ತದೆ. ಗಬ್ಬದ ಹಂದಿಗೆ ದಿನಕ್ಕೆ ಹತ್ತು ಹದಿನೈದು ಲೀಟರ್ ನೀರು ಬೇಕೇ ಬೇಕು. ಬಾನಿ ಮಗುಚಿ ಗಂಟೆಗಟ್ಟಲೆ ಒಣಗಿತ್ತೇ ಎಂದು ವಿಚಾರಿಸಿ. ಹಾಗೇನಾದರೂ ಆಗಿದ್ದರೆ ಒಮ್ಮೆಗೇ ಬಾನಿ ತುಂಬ ನೀರಿಡಬಾರದು; ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡಬೇಕು.

ಎರಡನೆಯದು ನುಚ್ಚು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಜೋಳ ತಿಂದ ಎಳೆಯ ಹೆಣ್ಣು ಹಂದಿಗಳ ಯೋನಿ ಊದಿಕೊಳ್ಳುತ್ತದೆ, ಬೆದೆಯ ಲೆಕ್ಕ ತಪ್ಪುತ್ತದೆ, ಗಬ್ಬವಿಲ್ಲದಿದ್ದರೂ ಗಬ್ಬದಂತೆ ಕಾಣುತ್ತದೆ. ಬೆದೆ ಕಾಣಲಿಲ್ಲವೆಂಬ ಒಂದೇ ಕಾರಣಕ್ಕೆ ಗಬ್ಬವೆಂದು ನಂಬಬೇಡಿ. ಬೆದೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬರುತ್ತದೆ, ಆದರೆ ಹತ್ತಿರದಲ್ಲಿ ಗಂಡು ಹಂದಿ ಇಲ್ಲದಿದ್ದರೆ ಅದು ಯಾರಿಗೂ ತಿಳಿಯದಂತೆ ಕಳೆದುಹೋಗುವುದುಂಟು. ಚೊಚ್ಚಲ ಹಂದಿಯ ಹೊಟ್ಟೆ ನೋಡಿ ಹೇಳುವವರ ಮಾತು ಬರಿಯ ಊಹೆ. ಕೂಡಿ ಒಂದು ತಿಂಗಳಾದ ಮೇಲೆ ಸ್ಕ್ಯಾನಿಂಗ್ ಮಾಡಿದರೆ ಖಚಿತವಾಗುತ್ತದೆ. ಗಬ್ಬದ ಅವಧಿ ಸುಮಾರು 114 ದಿನ, ಅಂದರೆ ಮೂರು ತಿಂಗಳು ಮೂರು ವಾರ ಮೂರು ದಿನ. ಕೆಚ್ಚಲು ಬಿಡುವುದು ಕೊನೆಯ ಮೂರು ನಾಲ್ಕು ವಾರಗಳಲ್ಲಿ.

ಹೊಸ ಸಾಕಣೆಗಾರ, ಮದ್ದೂರು ತಾಲ್ಲೂಕು

ಇಬ್ಬರಿಗೂ ಕೃತಜ್ಞತೆಗಳು. ನೀರು ತಪ್ಪಿಲ್ಲ, ನಲ್ಲಿಯಿಂದ ಸದಾ ಬರುತ್ತದೆ. ಬೆಳಿಗ್ಗೆ ಆರು ಗಂಟೆಗೆ ಅಳೆದಾಗ ಕಾವು 105.2 ಇತ್ತು. ಸ್ರಾವ ಕಾಣಲಿಲ್ಲ, ಕಿವಿಯ ತುದಿ ಮಾತ್ರ ಕೊಂಚ ಕೆಂಪಾಗಿದೆ. 1962ಕ್ಕೆ ಕರೆ ಮಾಡಿದ್ದೇನೆ, ವೈದ್ಯರು ಮಧ್ಯಾಹ್ನದೊಳಗೆ ಬರುವುದಾಗಿ ತಿಳಿಸಿದ್ದಾರೆ. ಭಾನುವಾರದ ವ್ಯಾಪಾರಕ್ಕೆಂದು ಉಳಿದ ನಾಲ್ಕರಲ್ಲಿ ಎರಡನ್ನು ಕೊಡುವ ಮಾತಾಗಿದೆ. ಅವು ಚೆನ್ನಾಗಿಯೇ ತಿನ್ನುತ್ತಿರುವುದರಿಂದ ಕೊಡಬಹುದೇ?

ನಿವೃತ್ತ ಪಶುವೈದ್ಯಕೀಯ ಪರೀಕ್ಷಕ, ಮಂಡ್ಯ

ಕೊಡಬಾರದು. ಕಾಯಿಲೆ ಯಾವುದೆಂದು ತಿಳಿಯುವವರೆಗೆ ನಿಮ್ಮ ದೊಡ್ಡಿಯಿಂದ ಒಂದು ಹಂದಿಯೂ, ಒಂದು ಬುಟ್ಟಿ ಗೊಬ್ಬರವೂ ಹೊರಗೆ ಹೋಗಬಾರದು. ಬೆಳಗಿನ ತಂಪಿನಲ್ಲಿ 105 ಇದ್ದು ಕಿವಿ ಕೆಂಪಾಗಿದ್ದರೆ ಹಂದಿ ಜ್ವರ (ಮನುಷ್ಯರಿಗೆ ಬರುವ ಎಚ್1ಎನ್1 ಅಲ್ಲ, ಹಂದಿಗಳ ಕ್ಲಾಸಿಕಲ್ ಸ್ವೈನ್ ಫೀವರ್), ಆಫ್ರಿಕನ್ ಹಂದಿ ಜ್ವರ ಎರಡನ್ನೂ ಅನುಮಾನಿಸಬೇಕು. ಬೇರೆ ಸೋಂಕೂ ಇರಬಹುದು. ಆದರೆ ಈ ಎರಡು ಜ್ವರಗಳನ್ನು ಎಷ್ಟೇ ಅನುಭವವಿದ್ದವರೂ ಕಣ್ಣಿನಿಂದ ನೋಡಿ ಬೇರ್ಪಡಿಸಲಾರರು. ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗಲೇಬೇಕು, ವೈದ್ಯರು ಬಂದಾಗ ಅದನ್ನು ನೀವೇ ಕೇಳಿ. ಹಂದಿ ಜ್ವರಕ್ಕೆ ಲಸಿಕೆಯಿದೆ. ಮಾರಿದವರು ಹಾಕಿಸಿದ್ದರೇ ಎಂದು ಇಂದೇ ವಿಚಾರಿಸಿ. 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ನಮ್ಮ ದೇಶಕ್ಕೆ ಮೊದಲು ಕಾಲಿಟ್ಟ ಆಫ್ರಿಕನ್ ಹಂದಿ ಜ್ವರಕ್ಕೆ ಚಿಕಿತ್ಸೆಯಿಲ್ಲ. ಅದು ಮನುಷ್ಯರಿಗೆ ತಗಲುವುದಿಲ್ಲ, ಆದರೆ ಹಂದಿ ಮಾಂಸ ಬೆರೆತ ಹೋಟೆಲ್ ಉಳಿಕೆಯ ಮೂಲಕ, ಚಪ್ಪಲಿಗೆ ಅಂಟಿದ ಕೆಸರಿನ ಮೂಲಕ ದೊಡ್ಡಿಯಿಂದ ದೊಡ್ಡಿಗೆ ಹೋಗುತ್ತದೆ. ಉಳಿಕೆಯನ್ನು ಇನ್ನು ಮುಂದೆ ಕನಿಷ್ಠ ಅರ್ಧ ಗಂಟೆ ಕುದಿಸದೆ ಹಾಕಬೇಡಿ.

ಕಾಯಿಲೆಯ ಹಂದಿಯನ್ನು ಬೇರೆ ಕಡೆಗೆ ಕಟ್ಟಿ, ಅದರ ಬಾನಿ, ಸಲಿಕೆ, ಪೊರಕೆಗಳನ್ನು ಬೇರೆ ಇಡಿ. ಚೆನ್ನಾಗಿರುವ ನಾಲ್ಕಕ್ಕೆ ಮೊದಲು ಮೇವು ಹಾಕಿ, ಕೊನೆಗೆ ಇದರ ಬಳಿ ಹೋಗಿ. ಒಂದು ವೇಳೆ ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ: ಬ್ರುಸೆಲ್ಲಾ ಮತ್ತು ಇಲಿ ಜ್ವರಗಳು ಆ ದಾರಿಯಲ್ಲಿ ಮನುಷ್ಯರಿಗೂ ಬರುತ್ತವೆ, ಮನೆಯಲ್ಲಿ ಬಸುರಿಯರಿದ್ದರೆ ಅವರು ದೊಡ್ಡಿಯ ಕಡೆಗೇ ಬರಬಾರದು. ಬಿದ್ದ ಮರಿಗಳನ್ನೂ ಮಾಸನ್ನೂ ನಾಯಿಗೆ ಸಿಗದಂತೆ ಮುಚ್ಚಿಟ್ಟು ವೈದ್ಯರಿಗೆ ತೋರಿಸಿ, ಅವರು ಮಾದರಿ ತೆಗೆದುಕೊಂಡ ಮೇಲೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ನಾಲೆಗೆ ಎಸೆಯುವ ರೂಢಿ ನಮ್ಮ ಕಡೆ ಇದೆ. ಕೆಳಗಿನ ಊರುಗಳಲ್ಲೂ ಹಂದಿ ಸಾಕುವವರಿದ್ದಾರೆ.

ಹಂದಿ ಸಾಕಣೆದಾರೆ, ತಿ. ನರಸೀಪುರ

ವ್ಯಾಪಾರಿಗೆ ನೀವೇ ಫೋನ್ ಮಾಡಿ ಬರಬೇಡಿರೆಂದು ತಿಳಿಸಿಬಿಡಿ. ಹಂದಿ ನೋಡಲೆಂದು ಊರೂರು ಸುತ್ತುವ ಅವರ ಗಾಡಿ ನಿಮ್ಮ ದೊಡ್ಡಿಯ ಬಾಗಿಲಿಗೆ ಬಂದು ಹೋದರೆ, ನೀವು ಹಂದಿ ಕೊಡದೆ ಇದ್ದರೂ ಪ್ರಯೋಜನವಿಲ್ಲ. ಮುಂಗಡ ಪಡೆದಿದ್ದರೆ ಹಿಂದಿರುಗಿಸಿ. ವೈದ್ಯರು ಏನು ಹೇಳಿದರೆಂಬುದನ್ನು ದಯವಿಟ್ಟು ಇಲ್ಲಿಯೇ ಬರೆಯಿರಿ. ನಮ್ಮ ಊರಿಗೂ ಅದೇ ಕಡೆಯಿಂದ ಹಂದಿಗಳು ಬರುತ್ತವೆ.